ಬೇಡುವ ಕೈಗೆ ಬೇಡಿ

ಹೊಸಕೋಟೆ ನಗರಸಭೆಗೆ ಮನೆ ಕಂದಾಯ ಕಟ್ಟುವವರು ರಸೀದಿಯನ್ನು ಮಡಚಿ ಜೇಬಿಗೆ ಸೇರಿಸುವ ಮುನ್ನ ಒಮ್ಮೆ ಕಣ್ಣಾಡಿಸಿದರೆ, ಆರೋಗ್ಯ, ಗ್ರಂಥಾಲಯ ಮುಂತಾದ ಕರಗಳ ಸಾಲಿನಲ್ಲಿ ಇನ್ನೊಂದು ಬಾಬು ಕಾಣಿಸುತ್ತದೆ. ಅದು ಭಿಕ್ಷುಕರ ಕರ. ತೆರಿಗೆಯ ಪ್ರತಿ ರೂಪಾಯಿಗೆ ಮೂರು ಪೈಸೆ. ಅಂದರೆ ಸಾವಿರ ರೂಪಾಯಿ ಕಂದಾಯಕ್ಕೆ ಮೂವತ್ತು ರೂಪಾಯಿ. ಹೊಸಕೋಟೆಗಷ್ಟೇ ಸೀಮಿತವಾದ ಕರ ಇದಲ್ಲ. ರಾಜ್ಯದ ಸ್ಥಳೀಯ ಸಂಸ್ಥೆಗಳೆಲ್ಲ ಇದನ್ನು ವಸೂಲು ಮಾಡಬೇಕು. ಬಸ್ ನಿಲ್ದಾಣದಲ್ಲಿ ಕೈಚಾಚಿದ ಮುದುಕಿಗೆ ‘ಮುಂದೆ ಹೋಗಮ್ಮ’ ಎಂದವರೂ ಹೀಗೆ ವರ್ಷಕ್ಕೊಮ್ಮೆ ತಮಗರಿವಿಲ್ಲದೆಯೇ ಭಿಕ್ಷೆ ಹಾಕಿರುತ್ತಾರೆ. ಆದರೆ ಆ ಕಾಸು ಮುದುಕಿಯ ಸೆರಗಿಗೆ ಬೀಳುವುದಿಲ್ಲ. ಆಕೆಯನ್ನು ರಸ್ತೆಯಿಂದ ಹಿಡಿದೊಯ್ದು ಇರಿಸಿಕೊಳ್ಳುವ ವ್ಯವಸ್ಥೆಯೊಂದಕ್ಕೆ ಅದು ಸೇರುತ್ತದೆ.

ಈ ಕರದ ಹಿಂದಿರುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಅದರ ಪ್ರಕಾರ ರಾಜ್ಯದಲ್ಲಿ ಭಿಕ್ಷೆ ಬೇಡುವುದು ಅಪರಾಧ. ಬೇಡುವವರನ್ನು ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು. ಮ್ಯಾಜಿಸ್ಟ್ರೇಟರ ಮುಂದೆ ಸಂಕ್ಷಿಪ್ತ ವಿಚಾರಣೆ ನಡೆದು, ಭಿಕ್ಷುಕನೆಂದು ತೀರ್ಮಾನವಾದರೆ ಒಂದರಿಂದ ಮೂರು ವರ್ಷಗಳವರೆಗೆ ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಹೆಸರು ಪರಿಹಾರ ಕೇಂದ್ರ. ಆದರೆ ಬೇಕೆಂದಾಗ ಎದ್ದು ಹೋಗುವಂತಿಲ್ಲ. ಬಡವನಿಗೆ ಆಸರೆ ಕೊಡಬೇಕೋ, ಶಿಕ್ಷೆ ಕೊಡಬೇಕೋ ಎಂಬುದನ್ನು ಸರಿಯಾಗಿ ತೀರ್ಮಾನಿಸದೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟ ಕಾಯ್ದೆ ಇದು.

ಭಿಕ್ಷುಕ ಯಾರು?

ಕಾಯ್ದೆಯ ವ್ಯಾಖ್ಯೆ ಬಲೆಯನ್ನು ಅಗಲವಾಗಿಯೇ ಬೀಸುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಬೇಡುವವರಷ್ಟೇ ಅಲ್ಲ, ಹಾಡು, ಕುಣಿತ, ಕಣಿ ಹೇಳುವುದು, ಕಸರತ್ತು, ಸಣ್ಣಪುಟ್ಟ ವಸ್ತು ಮಾರುವುದು ಮುಂತಾದ ನೆಪದಲ್ಲಿ ಕಾಸು ಕೇಳುವವರೂ ಭಿಕ್ಷುಕರೇ. ಭಿಕ್ಷೆಗಾಗಿ ಮನೆ ಬಾಗಿಲಿಗೆ ಬಂದವರು, ಹುಣ್ಣು ಅಥವಾ ಅಂಗವೈಕಲ್ಯವನ್ನು ತೋರಿಸಿ ಬೇಡುವವರು ಕೂಡ ಇದರೊಳಗೆ ಬರುತ್ತಾರೆ. ಇನ್ನೂ ಮುಂದೆ ಹೋಗಿ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಬೀದಿಯಲ್ಲಿ ಅಲೆಯುತ್ತ, ಬೇಡಿ ಬದುಕುತ್ತಿರಬಹುದು ಎಂದು ತೋರುವಂತಿದ್ದರೂ ಸಾಕು. ಅಂದರೆ ಕೈಚಾಚಬೇಕೆಂದೇನೂ ಇಲ್ಲ. ಹರಕು ಬಟ್ಟೆ, ಕೆದರಿದ ಕೂದಲು, ಕಂಕುಳಲ್ಲೊಂದು ಗಂಟು ಇದ್ದರೆ ಅನುಮಾನಕ್ಕೆ ಆಧಾರವಾಗಬಹುದು.

ಇದೇ ಕಾಯ್ದೆಯಲ್ಲಿ ವಿನಾಯಿತಿಗಳೂ ಇವೆ. ಧಾರ್ಮಿಕ ಹರಕೆ ಅಥವಾ ಸಂಪ್ರದಾಯಕ್ಕಾಗಿ, ಯಾರಿಗೂ ಉಪದ್ರವವಾಗದಂತೆ ಭಿಕ್ಷೆ ಎತ್ತುವವರು ಭಿಕ್ಷುಕರಲ್ಲ. ವಿದ್ಯಾಭ್ಯಾಸಕ್ಕಾಗಿ ಭಿಕ್ಷೆ ಎತ್ತುವ ವಿದ್ಯಾರ್ಥಿಯೂ ಭಿಕ್ಷುಕನಲ್ಲ. ಈ ಎರಡು ವಿನಾಯಿತಿಗಳ ಮರ್ಮ ತಿಳಿಯಬೇಕಾದರೆ ಹಳೆಯ ಮೈಸೂರು ಸೀಮೆಯ ಬದುಕನ್ನು ನೆನೆಯಬೇಕು.

ಭಿಕ್ಷೆಗೂ ಮರ್ಯಾದೆಯಿತ್ತು

ಕನ್ನಡದಲ್ಲಿ ಬೇಡುವುದಕ್ಕೆ ಒಂದೇ ಪದವಿಲ್ಲ. ಬ್ರಾಹ್ಮಣರ ಯಾಯಿವಾರ, ಸನ್ಯಾಸಿಗಳ ಮಧುಕರಿ, ಜಂಗಮರ ಕಂತೆ ಭಿಕ್ಷೆ, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದ ಹುಡುಗರ ವಾರಾನ್ನ ಇವೆಲ್ಲ ಗೌರವದ ಮಾತುಗಳು. ‘ತಿರುಪೆ’ ಎಂದಾಗ ಮಾತ್ರ ದನಿಯಲ್ಲಿ ತಾತ್ಸಾರ ಸೇರಿಕೊಳ್ಳುತ್ತದೆ. ವಾರಾನ್ನ ಉಂಡು ಓದಿ ದೊಡ್ಡ ಹುದ್ದೆಗೇರಿದವರು ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ಶಾಸನ ಬರೆದವರಿಗೆ ಈ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಓದುವ ಹುಡುಗನಿಗೆ ಕಾಯ್ದೆಯಲ್ಲಿ ರಕ್ಷಣೆ ಸಿಕ್ಕಿತು.

ಹಳ್ಳಿಗಾಡಿನ ಅಲೆಮಾರಿಗಳಿಗೂ ಒಂದು ಸ್ಥಾನವಿತ್ತು. ಸುಗ್ಗಿಯ ಕಾಲಕ್ಕೆ ಶಂಖ ಜಾಗಟೆಯೊಂದಿಗೆ ದಾಸಯ್ಯ ಬರುತ್ತಿದ್ದ. ಎತ್ತಿಗೆ ಬಣ್ಣದ ಜೂಲು ಹೊದಿಸಿ ಕೋಲೆ ಬಸವನವರು ಬರುತ್ತಿದ್ದರು. ನಸುಕಿನಲ್ಲಿ ಬುಡಬುಡಿಕೆಯವನು ಶಕುನ ನುಡಿದು ಹೋಗುತ್ತಿದ್ದ. ಒಕ್ಕಲು ಮನೆತನಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟು ಒಪ್ಪಿಸುತ್ತಿದ್ದವರು ಹೆಳವರು. ರಾಗಿಯ ರಾಶಿಯಿಂದ ಇವರಿಗೆ ಮೊರದಷ್ಟು ಅಳೆದು ಕೊಟ್ಟರೆ ಅದನ್ನು ದಾನವೆಂದು ಯಾರೂ ಬೀಗುತ್ತಿರಲಿಲ್ಲ. ಅದು ಅವರ ಪಾಲು.

ಕಣಗಳು ಕಡಿಮೆಯಾಗಿ, ಹೊಲಗಳು ಬಡಾವಣೆಗಳಾದಂತೆ ಈ ಜನ ಪೇಟೆಯ ಕಡೆ ಮುಖ ಮಾಡಿದರು. ಹಳ್ಳಿಯಲ್ಲಿ ‘ಕೋಲೆ ಬಸವ ಬಂದ’ ಎಂದು ಮಕ್ಕಳನ್ನು ಕರೆದು ತೋರಿಸುತ್ತಿದ್ದರು. ಅದೇ ಬಸವ ನಗರದ ವೃತ್ತದಲ್ಲಿ ನಿಂತರೆ ಸಂಚಾರಕ್ಕೆ ಅಡ್ಡಿ. ಹಾಡು, ಕಣಿ, ಕಸರತ್ತುಗಳನ್ನು ‘ನೆಪ’ ಎಂದು ಕರೆದ ಕಾಯ್ದೆ ತಲೆಮಾರುಗಳ ಕಸುಬನ್ನು ಒಂದೇ ಮಾತಿನಲ್ಲಿ ತಿರುಪೆಯ ಸಾಲಿಗೆ ಸೇರಿಸಿತು. ಹರಕೆಯ ವಿನಾಯಿತಿ ಇವರಿಗೂ ಅನ್ವಯಿಸಬಹುದು ಎಂದು ವಾದಿಸಲು ಸಾಧ್ಯವಿದೆ. ಆದರೆ ರಸ್ತೆ ಬದಿಯಲ್ಲಿ ಹಿಡಿದು ವ್ಯಾನು ಹತ್ತಿಸುವಾಗ ವಾದ ಮಂಡಿಸುವವರು ಯಾರು?

ಸಾಗರ ದಾಟಿ ಬಂದ ಚಿಂತನೆ

ಬೇಡುವವರನ್ನೂ ಅಲೆಯುವವರನ್ನೂ ಪೊಲೀಸರ ವಶಕ್ಕೆ ಕೊಡುವ ಚಿಂತನೆ ನಮ್ಮ ಮಣ್ಣಿನದಲ್ಲ. ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದ ಮೇಲೆ ಕೆಲಸವಿಲ್ಲದ ಸೈನಿಕರೂ ಹಳ್ಳಿ ಬಿಟ್ಟ ಬಡವರೂ ಇಂಗ್ಲೆಂಡಿನ ಬೀದಿಗಳಲ್ಲಿ ತುಂಬಿಕೊಂಡರು. ಅವರನ್ನು ಹತ್ತಿಕ್ಕಲು 1824ರಲ್ಲಿ ಅಲ್ಲಿ ಅಲೆಮಾರಿತನದ ವಿರುದ್ಧ ಕಾಯ್ದೆ ಬಂತು. ಬಯಲಲ್ಲಿ ಮಲಗುವುದು, ಬೇಡುವುದು ಎರಡೂ ಅಪರಾಧಗಳಾದವು. ಅದನ್ನು ರದ್ದುಪಡಿಸಲು ಬ್ರಿಟಿಷ್ ಸಂಸತ್ತು ಒಪ್ಪಿಗೆ ಕೊಟ್ಟದ್ದು 2022ರಲ್ಲಿ, ಸುಮಾರು ಎರಡು ಶತಮಾನಗಳ ನಂತರ.

ಭಾರತಕ್ಕೆ ಈ ದೃಷ್ಟಿ 1861ರ ಪೊಲೀಸ್ ಕಾಯ್ದೆಯೊಡನೆ ಬಂತು. ಅದರ 34ನೇ ಕಲಮು ಪಟ್ಟಣದ ಬೀದಿಗಳಲ್ಲಿ ಮಾಡಬಾರದ್ದನ್ನು ಪಟ್ಟಿ ಮಾಡುತ್ತದೆ: ಬೀದಿಯಲ್ಲಿ ದನ ಕಡಿಯುವುದು, ದಾರಿಗೆ ಅಡ್ಡವಾಗಿ ಸರಕು ಹರಡುವುದು, ಕಸ ಎಸೆಯುವುದು, ಕುಡಿದು ಗಲಾಟೆ ಮಾಡುವುದು. ದಂಡ ಐವತ್ತು ರೂಪಾಯಿ ಮೀರದು, ಸೆರೆ ಎಂಟು ದಿನ ಮೀರದು. ಇದೇ ಪಟ್ಟಿಯಲ್ಲಿ, ನೋಡುವವರಿಗೆ ಅಸಹ್ಯವಾಗುವಂತೆ ಅಂಗವೈಕಲ್ಯವನ್ನೋ ರೋಗವನ್ನೋ ತೋರಿಸುವುದೂ ಸೇರಿತ್ತು. ಕಸದ ಜೊತೆ ಕುಷ್ಠರೋಗಿಯೂ ಒಂದೇ ಪಟ್ಟಿಗೆ ಬಿದ್ದದ್ದು ಹೀಗೆ. ಹತ್ತು ವರ್ಷಗಳ ನಂತರ, 1871ರಲ್ಲಿ, ಇಡೀ ಜನಾಂಗಗಳನ್ನೇ ಹುಟ್ಟು ಅಪರಾಧಿಗಳೆಂದು ನಮೂದಿಸುವ ಕಾಯ್ದೆ ಬಂತು. ತೃತೀಯ ಲಿಂಗಿಗಳ ಹೆಸರನ್ನು ಪುಸ್ತಕದಲ್ಲಿ ಬರೆದಿಡುವ ಏರ್ಪಾಡೂ ಅದರಲ್ಲೇ ಇತ್ತು.

ಬೇಡುವುದಕ್ಕೆಂದೇ ಪ್ರತ್ಯೇಕ ಕಾಯ್ದೆಗಳು ಹುಟ್ಟಿದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿ ಬೀದಿಗಳಲ್ಲಿ ಸಾಯುತ್ತಿದ್ದ 1943ರಲ್ಲೇ ಅಲ್ಲಿ ಅಲೆಮಾರಿಗಳ ಕಾಯ್ದೆ ಬಂತು. ಮೈಸೂರು ಸಂಸ್ಥಾನದಲ್ಲಿ ಜಯಚಾಮರಾಜ ಒಡೆಯರ ಆಳ್ವಿಕೆ, ಎನ್. ಮಾಧವ ರಾವ್ ಅವರ ದಿವಾನಗಿರಿಯಲ್ಲಿ 1944ರ ಭಿಕ್ಷಾಟನೆ ನಿಷೇಧ ಕಾಯ್ದೆ ಜಾರಿಗೊಂಡಿತು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ, ಅಂದರೆ ಜನರ ಬಾಯಲ್ಲಿ ‘ಬೆಗ್ಗರ್ಸ್ ಕಾಲೊನಿ’, ಇದೇ ಪರಂಪರೆಯದು. 1975ರ ಕಾಯ್ದೆ ಮೈಸೂರಿನ ಈ ಮಾದರಿಯನ್ನೇ ಇಡೀ ರಾಜ್ಯಕ್ಕೆ ವಿಸ್ತರಿಸಿತು.

ಪೆಟ್ಟಿ ಕೇಸಿನ ಪ್ರಪಂಚ

ಭಿಕ್ಷಾಟನೆ ಕಾಯ್ದೆಯೊಂದೇ ಪೊಲೀಸರ ಕೈಯಲ್ಲಿರುವ ಅಸ್ತ್ರವಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಕಲಮು ಬೀದಿಯ ಸಣ್ಣಪುಟ್ಟ ಅಪರಾಧ, ಉಪದ್ರವಗಳ ಉದ್ದನೆಯ ಪಟ್ಟಿಯನ್ನು ಕೊಡುತ್ತದೆ. ಠಾಣೆಯ ಭಾಷೆಯಲ್ಲಿ ಇವು ‘ಪೆಟ್ಟಿ ಕೇಸು’ಗಳು. ಇವಕ್ಕೆ ದೊಡ್ಡ ತನಿಖೆ ಬೇಕಿಲ್ಲ. ದಂಡವೂ ಸಣ್ಣದು. ತಪ್ಪೊಪ್ಪಿಕೊಂಡು ಹಣ ಕಟ್ಟಿದರೆ ಅಂದೇ ಬಿಡುಗಡೆ. ಕೆಲಸಕ್ಕೆ ಹೋಗುವವನಿಗೆ ಇದು ಅರ್ಧ ದಿನದ ತಾಪತ್ರಯ. ಆದರೆ ಜೇಬಿನಲ್ಲಿ ಕಾಸಿಲ್ಲದವನಿಗೆ, ವಿಳಾಸ ಕೇಳಿದರೆ ಹೇಳಲು ಮನೆಯಿಲ್ಲದವನಿಗೆ ಅದೇ ಸಣ್ಣ ದಂಡ ಸೆರೆವಾಸಕ್ಕೆ ದಾರಿಯಾಗುತ್ತದೆ.

ಉಪದ್ರವ ಯಾವುದು ಎಂದು ತೀರ್ಮಾನಿಸುವ ಮೊದಲ ನ್ಯಾಯಾಧೀಶ ಬೀದಿಯಲ್ಲಿ ನಿಂತ ಕಾನ್‌ಸ್ಟೆಬಲ್. ಹೊಸಕೋಟೆಯಲ್ಲಿ ಅವಿಮುಕ್ತೇಶ್ವರನ ಜಾತ್ರೆಯ ದಿನ ದೇವಸ್ಥಾನದ ಮುಂದೆ ಬಟ್ಟೆ ಹಾಸಿ ಕೂತವನಿಗೆ ಭಕ್ತರೇ ಹುಡುಕಿ ಕಾಸು ಹಾಕುತ್ತಾರೆ. ಅವನಿಲ್ಲದಿದ್ದರೆ ಪುಣ್ಯ ಸಂಪಾದನೆಯೇ ಅಪೂರ್ಣ. ಮಾರನೆಯ ದಿನ ಅವನೇ ಹಳೆ ಮದ್ರಾಸ್ ರಸ್ತೆಯ ಬದಿಗೆ ಬಂದು ಕೈಚಾಚಿದರೆ ಉಪದ್ರವಿ. ಹೆದ್ದಾರಿಯಲ್ಲೇ ಪಶ್ಚಿಮಕ್ಕೆ ನಡೆದು ಕೆ.ಆರ್. ಪುರ ಸೇರಿದರೆ ಬೆಂಗಳೂರು ನಗರ ಪೊಲೀಸ್ ಕಮಿಷನರ ಸರಹದ್ದು; ಹೊಸಕೋಟೆಯ ಕಡೆಯೇ ಉಳಿದರೆ ಗ್ರಾಮಾಂತರ ಜಿಲ್ಲಾ ಪೊಲೀಸರದು. ಕಾಯ್ದೆ ಎರಡೂ ಕಡೆ ಒಂದೇ. ಆದರೆ ಅದು ಎಂದು ಎಚ್ಚರಗೊಳ್ಳುತ್ತದೆ, ಎಂದು ನಿದ್ದೆ ಹೋಗುತ್ತದೆ ಎಂಬುದು ಬೇಡುವವನಿಗೆ ತಿಳಿಯುವ ವಿಷಯವಲ್ಲ. ದೊಡ್ಡ ಅತಿಥಿ ಬರುವಾಗ ನಗರಗಳಲ್ಲಿ ಅದು ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ. ಹೈದರಾಬಾದಿನಲ್ಲಿ 2017ರ ಜಾಗತಿಕ ಉದ್ಯಮಶೀಲತಾ ಶೃಂಗಸಭೆಗೆ ಮುನ್ನ ಭಿಕ್ಷುಕರನ್ನು ಬೀದಿಗಳಿಂದ ತೆರವು ಮಾಡಿದ್ದು ಇದಕ್ಕೊಂದು ನಿದರ್ಶನ.

ಅಗಲವಾದ ಬಲೆಗೆ ಯಾರು ಬೇಕಾದರೂ ಬೀಳಬಹುದು ಎಂಬುದನ್ನು ಬೆಂಗಳೂರು 2014ರ ನವೆಂಬರಿನಲ್ಲಿ ಕಂಡಿತು. ನಗರದ ನಾನಾ ಕಡೆ ನೂರೈವತ್ತಕ್ಕೂ ಹೆಚ್ಚು ತೃತೀಯ ಲಿಂಗಿಗಳನ್ನು ಪೊಲೀಸರು ಹಿಡಿದು ಮಾಗಡಿ ರಸ್ತೆಯ ಕೇಂದ್ರಕ್ಕೆ ಸಾಗಿಸಿದರು. ಅವರಿಗೂ ಎಲ್ಲ ನಾಗರಿಕರಂತೆ ಘನತೆಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಷ್ಟೇ ತೀರ್ಪು ಕೊಟ್ಟಿತ್ತು. ಅದಕ್ಕೂ ಮೊದಲೇ, 2011ರಲ್ಲಿ, ರಾಜ್ಯದ ಪೊಲೀಸ್ ಕಾಯ್ದೆಗೆ ಸೇರಿಸಿದ 36-ಎ ಕಲಮು ಅವರನ್ನೇ ಹೆಸರಿಸಿ ನಿಗಾ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. 1871ರ ನೆರಳು ಅಷ್ಟು ಉದ್ದವಾಗಿತ್ತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಆ ಪದವನ್ನು ಕಲಮಿನಿಂದ ಕೈಬಿಡಲಾಯಿತು.

ಮಾಗಡಿ ರಸ್ತೆಯ ಪಾಠ

ಹಿಡಿದವರನ್ನು ಕೂಡಿಡುವ ಕೇಂದ್ರದ ಸ್ಥಿತಿ ಏನಾಗಿತ್ತು ಎಂಬುದು ನಾಡಿಗೆ ತಿಳಿದದ್ದು 2010ರ ಆಗಸ್ಟ್‌ನಲ್ಲಿ. ಮಾಗಡಿ ರಸ್ತೆಯ ಕೇಂದ್ರದಲ್ಲಿ ವಾಂತಿಭೇದಿ ಹಬ್ಬಿ, ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಗೆದು ನೋಡಿದಾಗ, ಆ ವರ್ಷದ ಆರಂಭದಿಂದ ಅಲ್ಲಿ ಸತ್ತವರ ಸಂಖ್ಯೆ ಇನ್ನೂರು ದಾಟಿತ್ತು ಎಂಬ ವರದಿಗಳು ಬಂದವು. ಕಿಕ್ಕಿರಿದ ಕೊಠಡಿಗಳು, ಸಾಲದ ವೈದ್ಯರು, ಅಶುಚಿಯಾದ ನೀರು ಮತ್ತು ಆಹಾರದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಸಮಾಜ ಕಲ್ಯಾಣ ಸಚಿವರಾಗಿದ್ದ ಡಿ. ಸುಧಾಕರ್ ರಾಜೀನಾಮೆ ಕೊಟ್ಟರು. ಕೇಂದ್ರದ ಬೆಲೆಬಾಳುವ ಜಮೀನಿನ ಮೇಲೆ ಬಿದ್ದಿದ್ದ ಕಣ್ಣುಗಳ ಕಥೆಯೂ ಅದೇ ಸಮಯದಲ್ಲಿ ಹೊರಬಿದ್ದು ವಿಧಾನಸೌಧದವರೆಗೂ ಗದ್ದಲವಾಯಿತು.

ಆ ಸತ್ತವರಲ್ಲಿ ಹಲವರಿಗೆ ಊರು ಯಾವುದೆಂದು ಹೇಳುವವರಿರಲಿಲ್ಲ. ಅವರು ಕೊಲೆ ಮಾಡಿದವರಲ್ಲ, ಕದ್ದವರೂ ಅಲ್ಲ. ಬೀದಿಯಲ್ಲಿದ್ದರೆಂಬ ಕಾರಣಕ್ಕೆ ಅವರನ್ನು ಒಯ್ಯಲಾಗಿತ್ತು. ಅದೂ ಅವರ ಒಳಿತಿಗೆಂದೇ. ಹಣವಿರಲಿಲ್ಲವೇ ಎಂದರೆ ಅದಕ್ಕೆಂದೇ ಮೂರು ಪೈಸೆಯ ಕರವಿತ್ತು. ಆದರೆ ಜನರಿಂದ ವಸೂಲಾದ ಕರ ಸಕಾಲಕ್ಕೆ ಕೇಂದ್ರಗಳಿಗೆ ತಲುಪುತ್ತಿರಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆ ಉಳಿಸಿಕೊಂಡಿದ್ದ ಬಾಕಿಯ ವಿಷಯ ಮುಂದೆ ಹೈಕೋರ್ಟಿನವರೆಗೂ ಹೋಯಿತು. ಭಿಕ್ಷುಕರ ಪಾಲಿನ ಭಿಕ್ಷೆಯೂ ಬಾಕಿ!

ನ್ಯಾಯಾಲಯದ ತಕ್ಕಡಿ

ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಬದರ್ ದುರೇಜ್ ಅಹ್ಮದ್ 2006ರಲ್ಲಿ ಒಂದು ಪ್ರಕರಣದಲ್ಲಿ ಬೇಡುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ದುಡಿಯಲೊಲ್ಲದ ಸೋಮಾರಿಗಳು, ಕುಡಿತ ಅಥವಾ ಮಾದಕ ವಸ್ತುವಿಗೆ ದಾಸರಾದವರು, ಯಾರದೋ ಹಿಡಿತದಲ್ಲಿ ಸಿಕ್ಕಿ ಬೇಡುವವರು, ಹೊಟ್ಟೆಗಿಲ್ಲದ ನಿರ್ಗತಿಕರು. ನಾಲ್ವರಿಗೂ ಒಂದೇ ಮದ್ದು ಹೇಗೆ ಸರಿ ಎಂಬುದು ಅಲ್ಲಿಂದ ಏಳುವ ಪ್ರಶ್ನೆ. ಅದೇ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ, ದೆಹಲಿಯಲ್ಲಿ ಜಾರಿಯಲ್ಲಿದ್ದ ಮುಂಬಯಿಯ ಭಿಕ್ಷಾಟನೆ ಕಾಯ್ದೆಯ ಶಿಕ್ಷೆಯ ಕಲಮುಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಕೋವಿಡ್ ಕಾಲದಲ್ಲಿ ಭಿಕ್ಷುಕರನ್ನು ರಸ್ತೆಗಳಿಂದ ದೂರವಿಡಬೇಕೆಂಬ ಅರ್ಜಿ 2021ರಲ್ಲಿ ಬಂದಾಗ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಜನ ಬೇಡುತ್ತಾರೆ, ಇದು ಸಾಮಾಜಿಕ ಮತ್ತು ಆರ್ಥಿಕ ಸಮಸ್ಯೆ ಎಂಬುದು ಅದರ ನಿಲುವು. ಭಿಕ್ಷುಕರ ಗೃಹಗಳು ಸೆರೆಮನೆಗಳಂತಿರಬಾರದು ಎಂದೂ 2025ರಲ್ಲಿ ಅದೇ ನ್ಯಾಯಾಲಯ ವಿಧಿಸಿತು.

ಇನ್ನೊಂದು ಕಡೆ, ಮಧ್ಯಪ್ರದೇಶದ ಇಂದೋರ್ 2025ರ ಆರಂಭದಿಂದ ಭಿಕ್ಷೆ ಕೊಡುವವರ ಮೇಲೂ ಮೊಕದ್ದಮೆ ಹೂಡುವ ಆದೇಶ ಹೊರಡಿಸಿತು. ಕರ್ನಾಟಕದಲ್ಲಿ ಕೊಡುವವರಿಗೆ ಶಿಕ್ಷೆಯಿಲ್ಲ. ಬೇಡುವವರಿಗೆ ಮಾತ್ರ 1975ರ ಕಾಯ್ದೆ ಉಳಿದುಕೊಂಡಿದೆ.

ಹಾಗೆಂದ ಮಾತ್ರಕ್ಕೆ ಬೀದಿ ಬೀದಿಯಲ್ಲಿ ಕೈಚಾಚುವುದನ್ನು ಯಾರೂ ಬಯಸುವುದಿಲ್ಲ. ಹಸುಗೂಸನ್ನು ಬಿಸಿಲಿನಲ್ಲಿ ಹೊತ್ತು ಕಾರಿನ ಗಾಜು ಬಡಿಸುವ ದಂಧೆಗೆ ಕಾನೂನಿನ ಕೈ ಬಿಗಿಯಾಗಿಯೇ ಇರಬೇಕು. ಮಕ್ಕಳನ್ನು ಭಿಕ್ಷೆಗೆ ಹಚ್ಚುವವರಿಗೆ 2015ರ ಬಾಲನ್ಯಾಯ ಕಾಯ್ದೆ ಐದು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿ ದಂಡ ವಿಧಿಸುತ್ತದೆ. ಅಲ್ಲಿ ಅಪರಾಧಿ ಯಾರೆಂಬುದರಲ್ಲಿ ಗೊಂದಲವಿಲ್ಲ. ಮಗುವನ್ನು ಆ ಕಾಯ್ದೆ ಪೋಷಣೆ ಬೇಕಾದವರೆಂದೇ ಕಾಣುತ್ತದೆ. ಹೊಟ್ಟೆಗಿಲ್ಲದ ಮುದುಕಿಯನ್ನೂ ಹಾಗೆಯೇ ಕಾಣಲು ಹೊಸ ಸಿದ್ಧಾಂತವೇನೂ ಬೇಕಿಲ್ಲ. ರಾತ್ರಿ ಮಲಗಲು ಬಾಗಿಲು ತೆರೆದ ಆಶ್ರಯ, ಮನಸ್ಸು ಕೆಟ್ಟವರಿಗೆ ವೈದ್ಯ, ವೃದ್ಧಾಪ್ಯ ವೇತನಕ್ಕೆ ಬೇಕಾದ ಕಾಗದಪತ್ರ ಮಾಡಿಸಿಕೊಡುವ ಒಬ್ಬ ಗುಮಾಸ್ತ, ಇಷ್ಟಿದ್ದರೆ ವ್ಯಾನಿನ ಕೆಲಸ ಅರ್ಧ ತಗ್ಗುತ್ತದೆ. ಅದಕ್ಕೆ ಹಣವನ್ನು ನಾಗರಿಕರು ಬಹಳ ವರ್ಷಗಳಿಂದ ಕಟ್ಟುತ್ತಲೇ ಬಂದಿದ್ದಾರೆ. ಆ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕೂ ಅವರಿಗಿದೆ.