ಆಳಂದದ ಜಾತ್ರೆಯನ್ನು ಕಂಡ ಪರದೇಶಿ ವರ್ತಕನು

ಜಾತ್ರೆಗೆ ಹೋಗಿಬರುವುದು ನಮ್ಮಲ್ಲಿ ವರ್ಷವರ್ಷವೂ ನಡೆಯುವ ಸಾಮಾನ್ಯ ಸಂಗತಿಯಾಗಿದೆ. ಹೋದವರು ದೇವರ ದರ್ಶನ ಮಾಡುವರು, ಎತ್ತು ಕೊಳ್ಳುವರು, ಮಕ್ಕಳಿಗೆ ಬೆಂಡುಬತ್ತಾಸು ತರುವರು. ಎಂಟು ದಿನಗಳೊಳಗೆ ಅದೆಲ್ಲವೂ ಮರೆತುಹೋಗುವುದು. ಇಂತಹ ಅಲ್ಪವಿಷಯದಲ್ಲಿ ಇತಿಹಾಸವೆಲ್ಲಿಯದು ಎಂದು ಕೇಳುವವರುಂಟು. ಅವರಿಗೆ ಉತ್ತರವಾಗಿ, ಸುಮಾರು ಐದೂವರೆ ಶತಮಾನಗಳ ಹಿಂದೆ ನಮ್ಮ ನಾಡಿನ ಒಂದು ಜಾತ್ರೆಯ ವಿಷಯವನ್ನು ಬರೆದಿಟ್ಟ ಪರದೇಶಿಯೊಬ್ಬನ ವೃತ್ತಾಂತವನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಅಫನಾಸಿ ನಿಕಿತಿನ್ ಎಂಬಾತನು ರಷ್ಯಾ ದೇಶದ ತ್ವೇರ್ ಪಟ್ಟಣದ ವರ್ತಕನು. ವ್ಯಾಪಾರಕ್ಕೆಂದು ವೋಲ್ಗಾ ನದಿಯಲ್ಲಿ ಇಳಿದು ಬರುತ್ತಿದ್ದವನನ್ನು ಅಸ್ತ್ರಾಖಾನಿನ ಬಳಿ ತಾರ್ತರರು ಸುಲಿದರು. ಸರಕಿನೊಡನೆ ಅವನ ಧರ್ಮಗ್ರಂಥಗಳೂ ಹೋದುವು. ಆತನು ಊರಿಗೆ ಮರಳದೆ ಪಾರಸಿಕ ದೇಶವನ್ನು ದಾಟಿ, ಹೊರ್ಮುಜಿನಲ್ಲಿ ಹಡಗನ್ನೇರಿ, ಮಾರಾಟಕ್ಕೆಂದು ಒಂದು ಗಂಡುಕುದುರೆಯೊಡನೆ 1470ರ ಆಸುಪಾಸಿನಲ್ಲಿ ಚೌಲ್ ರೇವಿಗೆ ಬಂದಿಳಿದನು. ಜುನ್ನರಿನ ಅಧಿಕಾರಿಯಾದ ಅಸದ್ ಖಾನನು ಆ ಕುದುರೆಯನ್ನು ಕಸಿದುಕೊಂಡು, ಮತಾಂತರ ಹೊಂದಿದರೆ ಕುದುರೆಯೊಡನೆ ಸಾವಿರ ಹೊನ್ನನ್ನೂ ಕೊಡುವೆನೆಂದನು. ಖುರಾಸಾನದ ಮುಹಮ್ಮದನೆಂಬ ಗೃಹಸ್ಥನು ನಡುವೆ ಬಂದು ಅವನ ಮತವನ್ನೂ ಕುದುರೆಯನ್ನೂ ಉಳಿಸಿಕೊಟ್ಟನು. ಅಲ್ಲಿಂದ ನಿಕಿತಿನನು ಬೀದರಿಗೆ ಬಂದನು. ಆಗ ಅಲ್ಲಿ ಬಹಮನಿ ಸುಲ್ತಾನನಾದ 3ನೆಯ ಮುಹಮ್ಮದನು ಆಳುತ್ತಿದ್ದನು. ಮಹಮೂದ್ ಗವಾನನು ಮಂತ್ರಿಯಾಗಿದ್ದನು.

ಬೀದರಿನಿಂದ 12 ಕೋಸಿನ ದೂರದಲ್ಲಿರುವ ಆಳಂದದಲ್ಲಿ ಶೇಖ್ ಅಲ್ಲಾವುದ್ದೀನರ ಸ್ಮರಣಾರ್ಥವಾಗಿ ವರ್ಷಕ್ಕೊಮ್ಮೆ ಜಾತ್ರೆ ಕೂಡುವುದೆಂದು ಅವನು ಬರೆದಿದ್ದಾನೆ. ಲಾಡ್ಲೆ ಮಶಾಯಿಖರೆಂದು ಇಂದಿಗೂ ಜನರು ನಡೆದುಕೊಳ್ಳುವ ದರ್ಗಾ ಇವರದೇ. ಜಾತ್ರೆಯು 10 ದಿನಗಳದು. 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವು. ಹಿಂದೂಸ್ಥಾನದಲ್ಲಿ ಇದಕ್ಕೆ ಸಮನಾದ ಸಂತೆ ಬೇರೊಂದಿಲ್ಲವೆಂದು ಅವನ ಅಭಿಪ್ರಾಯ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಕೋಣಗಳೇ ಹುಟ್ಟುವುವೆಂದೂ ಅವನು ಹೇಳುತ್ತಾನೆ. ಒಳ್ಳೆಯ ಕುದುರೆಗಳು ಸಮುದ್ರದಾಚೆಯಿಂದ ಬರಬೇಕಾಗಿದ್ದುದರಿಂದಲೇ ಅವುಗಳಿಗೆ ಅಷ್ಟು ಬೆಲೆ.

ಅವನು ಹೇಳಿದ ದೂರವು ಸತ್ಯವೇ ಎಂಬ ಸಂಶಯ ನನಗೆ ಮೊದಲು ಉಂಟಾಯಿತು. ನಮ್ಮ ಹರದಾರಿಯು ಸುಮಾರು 3 ಮೈಲಿ. ಆ ಲೆಕ್ಕದಲ್ಲಿ 12 ಎಂದರೆ 36 ಮೈಲಿಯಷ್ಟೇ ಆಗುವುದು. ಆಳಂದವಾದರೋ ಅದಕ್ಕಿಂತ ಬಹಳ ದೂರ. ಆದರೆ ಬೀದರಿನಿಂದ ಕಲಬುರ್ಗಿಗೆ 9 ಕೋಸೆಂದು ಅವನೇ ಬರೆದಿದ್ದಾನೆ. ಆ ದಾರಿಯು ಸುಮಾರು 70 ಮೈಲಿಯಾದುದರಿಂದ ಅವನ ಕೋಸು ಹೆಚ್ಚುಕಡಿಮೆ 8 ಮೈಲಿಯಾಗುವುದು. ಬೀದರಿನಿಂದ ಆಳಂದವು ಕಲಬುರ್ಗಿಗಿಂತಲೂ ತುಸು ದೂರವೆಂಬುದು ನಿಜವೇ ಆಗಿದೆ. ಅಳತೆಯ ಹೆಸರು ಒಂದೇ ಆದರೂ ಅಳತೆಯು ಬೇರೆಯೆಂದು ತಿಳಿದರೆ ವಿರೋಧವು ಪರಿಹಾರವಾಗುವುದು.

ಆಳಂದದಲ್ಲಿ ರಾತ್ರಿ ಹಾರಾಡುವ ಗುಕುಕ್ ಎಂಬ ಹಕ್ಕಿಯಿದೆ, ಅದು ಯಾವ ಮನೆಯ ಮೇಲೆ ಕುಳಿತು ಕೂಗುವುದೋ ಆ ಮನೆಯಲ್ಲಿ ಸಾವು ಎಂದೂ ಬರೆದಿದ್ದಾನೆ. ಇದು ನಮ್ಮ ಗೂಗೆಯಲ್ಲದೆ ಮತ್ತೇನು? ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ ಮಾತು ರಷ್ಯದವನ ಬರಹದಲ್ಲಿ ಉಳಿದಿದೆ. ಇಲ್ಲಿಯವರು ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಜಿಡ್ಡುಗಳನ್ನು ಸೇರಿಸಿ ಬೇಯಿಸಿದ ಖಿಚಡಿಯನ್ನೂ ತಿನ್ನಿಸುವುದನ್ನು ಅವನು ಗುರುತಿಸಿದ್ದಾನೆ. ತನ್ನ ಕುದುರೆಯನ್ನು ಒಂದು ವರ್ಷ ಸಾಕಿ, ಅದಕ್ಕೆ 68 ನಾಣ್ಯಗಳನ್ನು ವೆಚ್ಚಮಾಡಿ, ಬೀದರಿನಲ್ಲಿ ಮಾರಿದನು. ಹಳ್ಳಿಯ ಜನ ಬಲು ಬಡವರು, ಪ್ರಭುಗಳು ಬಲು ಸಿರಿವಂತರು ಎಂಬುದನ್ನೂ ಮರೆಯದೆ ಬರೆದನು.

ಅವನು ಇಲ್ಲಿ ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ನಡೆಯುತ್ತಿದ್ದನು. ತಾನು ಮುಸಲ್ಮಾನನಲ್ಲ, ಕ್ರೈಸ್ತನು ಎಂದು ಬೀದರಿನ ಹಿಂದೂಗಳಿಗೆ ನಿಜವನ್ನು ತಿಳಿಸಿದ ಮೇಲೆ ಅವರು ಊಟವನ್ನಾಗಲಿ ವ್ಯಾಪಾರವನ್ನಾಗಲಿ ಪೂಜೆಯನ್ನಾಗಲಿ ತನ್ನಿಂದ ಮರೆಮಾಡಲಿಲ್ಲವೆಂದು ಹೇಳಿಕೊಂಡಿದ್ದಾನೆ. ಅವರೊಡನೆ ಶ್ರೀಶೈಲದ ಶಿವರಾತ್ರಿಗೂ ಹೋಗಿಬಂದನು. ಗ್ರಂಥಗಳಿಲ್ಲದೆ ತನ್ನ ಹಬ್ಬದ ದಿನಗಳ ಲೆಕ್ಕ ತಪ್ಪಿತೆಂದು ಅವನು ಮತ್ತೆ ಮತ್ತೆ ಮರುಗುವುದನ್ನು ಓದಿದರೆ ಯಾವ ಮತದವನಿಗಾದರೂ ಮನಸ್ಸು ಕರಗುವುದು. ಕಡೆಗೆ ಊರಿಗೆ ಹೊರಟ ಆತನು ಸ್ಮೋಲೆನ್ಸ್ಕ್ ನಗರವನ್ನು ಮುಟ್ಟುವ ಮೊದಲೇ ತೀರಿಕೊಂಡನು. ಬರಹವು ಮಾತ್ರ 1475ರಲ್ಲಿ ಮಾಸ್ಕೋವನ್ನು ಸೇರಿತು. 19ನೆಯ ಶತಮಾನದ ಆದಿಯಲ್ಲಿ ಕರಮ್‌ಜಿನ್ ಎಂಬ ಇತಿಹಾಸಕಾರನು ಅದನ್ನು ಬೆಳಕಿಗೆ ತಂದನು.

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಉಪಾಧ್ಯಾಯನಾಗಿದ್ದಾಗ ವರ್ಷವರ್ಷವೂ ಹುಡುಗರಿಂದ ‘ನಾನು ಕಂಡ ಜಾತ್ರೆ’ ಎಂಬ ಪ್ರಬಂಧವನ್ನು ಬರೆಯಿಸುತ್ತಿದ್ದೆನು. ಒಮ್ಮೆ ಒಕ್ಕಲಮಗನೊಬ್ಬನು ರಥದ ವರ್ಣನೆಯನ್ನು ಬಿಟ್ಟು, ತಂದೆಯು ಎತ್ತಿಗೆ ಹೇಳಿದ ಬೆಲೆ, ಕೊಳ್ಳುವವನು ಕೇಳಿದ ಬೆಲೆ, ಟವಲಿನಡಿಯಲ್ಲಿ ಬೆರಳು ಹಿಡಿದು ನಡೆದ ವ್ಯಾಪಾರ, ಎತ್ತು ಮಾರದೆ ರಾತ್ರಿಯೆಲ್ಲ ನಡೆದು ಬಂದ ದಾರಿ, ಇಷ್ಟನ್ನೇ ಬರೆದಿದ್ದನು. ವರ್ಣನೆ ಸಾಲದೆಂದು ಕೆಂಪು ಶಾಯಿಯಲ್ಲಿ ಗೀಚಿ ಅಂಕಗಳನ್ನು ಕಡಿದೆನು. ರಥವನ್ನು ಕಾವ್ಯದ ಮಾತುಗಳಲ್ಲಿ ಹೊಗಳಿದವರಿಗೆ ಹೆಚ್ಚು ಅಂಕಗಳು ದೊರೆತುವು. ಆ ಹೊಗಳಿಕೆಯಲ್ಲಿ ಒಂದು ವಾಕ್ಯವೂ ಈಗ ನನ್ನ ನೆನಪಿನಲ್ಲಿಲ್ಲ. ಆ ಹುಡುಗನ ಎತ್ತು ಮಾತ್ರ ನೆನಪಿನಲ್ಲಿದೆ. ನಿಕಿತಿನನನ್ನು ಓದಿದ ದಿನ ಅವನ ಕ್ಷಮೆಯನ್ನು ಮನಸ್ಸಿನಲ್ಲಿಯೇ ಕೇಳಿದೆನು.

ಈ ವರ್ಷ ಜಾತ್ರೆಗೆ ಹೋಗುವವರು ಹೋದ ದಾರಿ, ಕಂಡ ಸರಕು, ಕೇಳಿದ ಬೆಲೆ, ಇವುಗಳನ್ನು ದಿನ ತಾರೀಖುಗಳೊಡನೆ ಒಂದೆರಡು ಹಾಳೆಗಳಲ್ಲಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ. ಭಾಷೆಯಲ್ಲಿ ದೋಷವಿದ್ದರೆ ತಿದ್ದಿಕೊಡಲು ನನ್ನಂಥವರು ಇನ್ನೂ ಇದ್ದಾರೆ. ಬೆಲೆಗಳನ್ನು ಮಾತ್ರ ನಾವು ಮುಟ್ಟುವುದಿಲ್ಲ.