ಸಂಸ್ಥಾನದ ದರಬಾರಿನಿಂದ ವಿಧಾನಸಭೆಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಕೃಷ್ಣಾ-ಘಟಪ್ರಭಾ ಸೀಮೆಯ ಈ ಊರುಗಳನ್ನು ಇಂದು ಒಂದೇ ದಿನದಲ್ಲಿ ಸುತ್ತಿ ಬರಬಹುದು. ಭಾಷೆ ಒಂದೇ, ಊಟ ಒಂದೇ, ಬೆಳೆಯುವ ಕಬ್ಬು-ಜೋಳವೂ ಒಂದೇ. ಆದರೆ 1947ರಲ್ಲಿ ಇವು ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದಕ್ಕೊಂದು ಅಂಟಿಕೊಂಡ ಊರುಗಳಾದ ಬನಹಟ್ಟಿ ಮತ್ತು ರಬಕವಿಗಳಲ್ಲಿ ಮೊದಲನೆಯದು ಜಮಖಂಡಿಗೆ, ಎರಡನೆಯದು ಸಾಂಗ್ಲಿಗೆ ಸೇರಿದ್ದವು. ಒಂದು ಮಗ್ಗದ ಸದ್ದು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರವಿದ್ದ ನೇಕಾರರು ಬೇರೆ ಬೇರೆ ಅರಸರ ಪ್ರಜೆಗಳು.

ಹೀಗಿದ್ದ ಜನ ಒಂದೇ ಶಾಸನಸಭೆಗೆ ತಮ್ಮ ಪ್ರತಿನಿಧಿಗಳನ್ನು ಕಳಿಸುವಂತಾದದ್ದು ಹೇಗೆ? ಅದಕ್ಕೆ ಉತ್ತರ ಹುಡುಕಲು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರ ಬದುಕನ್ನು ನೋಡಿದರೆ ಸಾಕು. ವಕೀಲರಾಗಿದ್ದ ಜತ್ತಿ ಮೊದಲು ಜಮಖಂಡಿ ಪುರಸಭೆಯ ಸದಸ್ಯರಾದರು, ನಂತರ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು. ಕೊನೆಗೆ ದಿವಾನರೂ ಆದರು. ಆದರೆ ಸಂಸ್ಥಾನದಲ್ಲಿ ಸಭೆ ಎಷ್ಟೇ ಚರ್ಚಿಸಲಿ, ಕೊನೆಯ ಮಾತು ಅರಸನದೇ ಆಗಿರುತ್ತಿತ್ತು. ಸಭೆ ಇರುವುದೇ ಬೇರೆ, ಸರ್ಕಾರ ಆ ಸಭೆಗೆ ಹೊಣೆಯಾಗಿರುವುದೇ ಬೇರೆ.

1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ವಿಲೀನವಾದವು. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಜತ್ತಿ ಮುಂಬೈ ವಿಧಾನಸಭೆಗೆ ನಾಮಕರಣಗೊಂಡರು. 1952ರಲ್ಲಿ ಮೊದಲ ಮಹಾಚುನಾವಣೆ ಬಂತು. 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ. ಅದಕ್ಕೆ ಮುಂಚೆ ಬ್ರಿಟಿಷ್ ಪ್ರಾಂತಗಳಲ್ಲಿ ಕಂದಾಯ ಕಟ್ಟುವವರು, ಓದಿದವರು ಮುಂತಾದವರಿಗಷ್ಟೇ ಇದ್ದ ಹಕ್ಕು ಈಗ ಕೂಲಿ ಮಾಡುವ ಹೆಣ್ಣುಮಗಳಿಗೂ ಸಿಕ್ಕಿತು. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದಾಗ ಶಾಸಕರು ಮುಂಬೈ ಬಿಟ್ಟು ಬೆಂಗಳೂರಿನ ದಾರಿ ಹಿಡಿದರು. 1957ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಗೆ 208 ಸ್ಥಾನಗಳಿದ್ದವು; 1967ರಲ್ಲಿ 216, 1978ರಿಂದ 224. ಇದರಲ್ಲಿ 36 ಸ್ಥಾನ ಪರಿಶಿಷ್ಟ ಜಾತಿಗಳಿಗೆ, 15 ಪರಿಶಿಷ್ಟ ಪಂಗಡಗಳಿಗೆ ಮೀಸಲು. ಮುಧೋಳ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಒಂದು ಕಾಲಕ್ಕೆ ಅರಮನೆಯ ಊರಾಗಿದ್ದಲ್ಲಿ ಇಂದು ದಲಿತ ಪ್ರತಿನಿಧಿಯೇ ಎಲ್ಲರ ಪರವಾಗಿ ಸದನದಲ್ಲಿ ಕೂರುತ್ತಾನೆ. ರಬಕವಿ-ಬನಹಟ್ಟಿ 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹುಟ್ಟಿದ ತೇರದಾಳ ಕ್ಷೇತ್ರದಲ್ಲಿದೆ.

ವಿಧಾನಸಭೆಯ ಜೊತೆಗೆ ವಿಧಾನ ಪರಿಷತ್ತೂ ಇದೆ. ಅದರ 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ ಏಳು ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿ ರಾಜ್ಯಪಾಲರಿಂದ ನಾಮಕರಣಗೊಳ್ಳುತ್ತಾರೆ. ಕಲಾವಿದೆ ಉಮಾಶ್ರೀ ಮೊದಲು ಪರಿಷತ್ತಿಗೆ ನಾಮಕರಣಗೊಂಡು, 2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಗೆದ್ದು ಮಂತ್ರಿಯಾಗಿ, 2023ರಲ್ಲಿ ಮತ್ತೆ ಪರಿಷತ್ತಿಗೆ ನಾಮಕರಣಗೊಂಡದ್ದು ಎರಡೂ ಬಾಗಿಲುಗಳ ಉದಾಹರಣೆ. ಆದರೆ ಎರಡು ಸದನಗಳ ಬಲ ಸಮಾನವಲ್ಲ. ಹಣಕಾಸು ಮಸೂದೆಯನ್ನು ಪರಿಷತ್ತು 14 ದಿನಕ್ಕಿಂತ ಹೆಚ್ಚು ತಡೆಯುವಂತಿಲ್ಲ. ಸರ್ಕಾರವನ್ನು ಉರುಳಿಸುವ ಅಧಿಕಾರವೂ ಅದಕ್ಕಿಲ್ಲ. ಮಂತ್ರಿಮಂಡಲ ಹೊಣೆಯಾಗಿರುವುದು ವಿಧಾನಸಭೆಗೆ ಮಾತ್ರ.

ಈ ಹೊಣೆಯ ಅರ್ಥವೇನೆಂಬುದನ್ನು 1962 ತೋರಿಸಿಕೊಟ್ಟಿತು. 1958ರಲ್ಲಿ ನಿಜಲಿಂಗಪ್ಪನವರ ರಾಜೀನಾಮೆಯ ನಂತರ ಜತ್ತಿ ಮುಖ್ಯಮಂತ್ರಿಯಾಗಿದ್ದರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಜತ್ತಿಯೂ ಗೆದ್ದರು. ಆದರೆ ಹೊಸದುರ್ಗದಲ್ಲಿ ನಿಜಲಿಂಗಪ್ಪ ಸೋತರು. ಆದರೂ ಶಾಸಕಾಂಗ ಪಕ್ಷದ ಒಲವು ಜತ್ತಿಯವರ ಕಡೆಗಿರಲಿಲ್ಲ. ಅಲ್ಲಿಯವರೆಗೆ ಸಭಾಧ್ಯಕ್ಷರಾಗಿದ್ದ ಹುನಗುಂದದ ಎಸ್.ಆರ್. ಕಂಠಿ ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕರು ಸ್ಥಾನ ತೆರವು ಮಾಡಿಕೊಟ್ಟರು. ಅಲ್ಲಿಂದ ಆಯ್ಕೆಯಾಗಿ ಬಂದ ನಿಜಲಿಂಗಪ್ಪನವರಿಗೆ ಜೂನ್‌ನಲ್ಲಿ ಕಂಠಿ ಗದ್ದುಗೆ ಬಿಟ್ಟುಕೊಟ್ಟರು. ಮುಖ್ಯಮಂತ್ರಿಯನ್ನು ಮತದಾರ ನೇರವಾಗಿ ಆರಿಸುವುದಿಲ್ಲ. ಅವನು ಆರಿಸಿದವರು ಆರಿಸುತ್ತಾರೆ. ಅವಿಭಜಿತ ವಿಜಾಪುರ ಜಿಲ್ಲೆಯ ಜನ ನಾಲ್ಕೇ ತಿಂಗಳಲ್ಲಿ ಈ ಪಾಠವನ್ನು ಮೂರು ಹೆಸರುಗಳ ಮೂಲಕ ಕಲಿತರು.

ಸದನದ ಕೆಲಸವೆಂದರೆ ಕುರ್ಚಿಯಾಟವಷ್ಟೇ ಅಲ್ಲ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ಗೇಣಿ ಪದ್ಧತಿಯನ್ನು ಪರಿಶೀಲಿಸಿ ಕೊಟ್ಟ ವರದಿಯೇ 1961ರ ಭೂಸುಧಾರಣಾ ಕಾಯ್ದೆಗೆ ತಳಹದಿಯಾಯಿತು. ಮಸೂದೆ ಎರಡೂ ಸದನಗಳನ್ನು ದಾಟಿ, ಅಂಕಿತ ಪಡೆದು ಕಾನೂನಾಗುತ್ತದೆ. ಆದರೆ ಅದು ಹೊಲಕ್ಕೆ ಇಳಿಯಲು ಕಾಲ ಬೇಕು. ಈ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. 'ಉಳುವವನೇ ಹೊಲದೊಡೆಯ' ಎಂಬ ಮಾತಿಗೆ ನಿಜವಾದ ಬಲ ಬಂದದ್ದು 1974ರ ತಿದ್ದುಪಡಿಯಿಂದ.

ಒಬ್ಬ ಶಾಸಕ ಇಲ್ಲದಾದರೆ ಕ್ಷೇತ್ರವೇ ಮೂಕವಾಗುತ್ತದೆ. ಆದ್ದರಿಂದಲೇ ತೆರವಾದ ಸ್ಥಾನವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ತುಂಬಬೇಕೆಂಬ ನಿಯಮವಿದೆ. ರೈತರನ್ನು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದ ಸಿದ್ದು ನ್ಯಾಮಗೌಡರು 2018ರಲ್ಲಿ ಜಮಖಂಡಿಯಿಂದ ಗೆದ್ದಿದ್ದರು. ಮೇ 25ರಂದು ಸದನದಲ್ಲಿ ವಿಶ್ವಾಸಮತ; ಮೇ 28ರಂದು ರಸ್ತೆ ಅಪಘಾತದಲ್ಲಿ ಅವರ ಸಾವು. ನವೆಂಬರ್ 3ರಂದು ಉಪಚುನಾವಣೆ ನಡೆದು ಅವರ ಮಗ ಆನಂದ ನ್ಯಾಮಗೌಡ ಆಯ್ಕೆಯಾದರು.

ಇನ್ನು 1977. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಕೇಂದ್ರದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿತು. ಜತ್ತಿ ತಕ್ಷಣ ಸಹಿ ಹಾಕದೆ ಹಿಂದೆಮುಂದೆ ನೋಡಿದರು. ಕೊನೆಗೆ ಏಪ್ರಿಲ್ 30ರಂದು ಹಾಕಿದರು. ಅದು ವಿವೇಕವೋ ಪಕ್ಷನಿಷ್ಠೆಯೋ ಎಂಬ ವಾದ ಆಗಲೇ ಎದ್ದಿತ್ತು. ಆದರೆ ಜನ ಆರಿಸಿದ ಸಭೆಯನ್ನು ಅವಧಿಗೆ ಮುಂಚೆ ಮನೆಗೆ ಕಳಿಸುವ ಅಧಿಕಾರ ಯಾರದು, ಅದಕ್ಕೆ ಮಿತಿ ಏನು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಅದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು 1994ರ ಬೊಮ್ಮಾಯಿ ಪ್ರಕರಣದ ತೀರ್ಪು. ಅದೂ ಕರ್ನಾಟಕದಿಂದಲೇ ಹೋದದ್ದು.

ಈ ಸೀಮೆಗೆ ಇದೆಲ್ಲ ದೂರದ ಮಾತಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಳ್ಳಿಗಳು ಮುಳುಗಿವೆ. ಮುಳುಗಡೆಯ ಪರಿಹಾರವಾಗಲಿ, ಕಬ್ಬಿನ ಬಾಕಿಯಾಗಲಿ, ನೇಕಾರರ ಸಾಲವಾಗಲಿ ಸರ್ಕಾರದ ಬಾಯಿಂದ ಉತ್ತರವಾಗಿ ಹೊರಬರುವುದು ಪ್ರಶ್ನೋತ್ತರ ವೇಳೆಯಲ್ಲಿ. ಹಣವಾಗಿ ಹೊರಬರುವುದು ಸದನ ಬಜೆಟ್ಟಿಗೆ ಒಪ್ಪಿಗೆ ಕೊಟ್ಟ ಮೇಲೆ. ಅರಸನ ಕಾಲದಲ್ಲಿ ಪ್ರಜೆ ಅರ್ಜಿ ಹಿಡಿದು ಕಾಯುತ್ತಿದ್ದ. ಈಗ ಅವನ ಪ್ರತಿನಿಧಿ ಎದ್ದು ನಿಂತು ಕೇಳಿದರೆ ಮಂತ್ರಿ ಉತ್ತರ ಹೇಳಲೇಬೇಕು. ತಮ್ಮ ಶಾಸಕ ಸದನದಲ್ಲಿ ಎಷ್ಟು ದಿನ ಕೂತ, ಏನು ಕೇಳಿದ ಎಂದು ವಿಚಾರಿಸುವುದು ಮತ ಹಾಕಿದವರಿಗೆ ಉಳಿದಿರುವ ಕೆಲಸ.