ಸೋರೆಬುರುಡೆಯೂ ಈಜುಡುಗೆಯೂ

ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಬೇಲೂರಿಗೆ ವಿಷ್ಣುಸಮುದ್ರ, ಹಳೇಬೀಡಿಗೆ ದ್ವಾರಸಮುದ್ರ. ಪಕ್ಕದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಮೆಟ್ಟಿಲುಗಳ ಕಲ್ಯಾಣಿ. ನಮ್ಮ ಕೆರೆಬಾವಿಗಳಲ್ಲಿ ಈಜು ಕಲಿಯುವ ಹುಡುಗನಿಗೆ ಹಿಂದೆ ಬೇಕಾಗಿದ್ದುದು ಎರಡೇ ವಸ್ತು: ಸೊಂಟಕ್ಕೊಂದು ಲಂಗೋಟಿ, ಬೆನ್ನಿಗೊಂದು ಒಣಗಿದ ಸೋರೆಬುರುಡೆ. ಬುರುಡೆಯೊಳಗಿನ ಗಾಳಿ ಅವನನ್ನು ತೇಲಿಸುತ್ತಿತ್ತು. ಕೈಕಾಲು ಪಳಗಿದೊಡನೆ ಅದನ್ನು ಬಿಚ್ಚಬೇಕು. ಬುರುಡೆ ಕಟ್ಟಿಕೊಂಡೇ ಪಂದ್ಯಕ್ಕೆ ಇಳಿದವನನ್ನು ಈಜುಗಾರನೆಂದು ಯಾರೂ ಒಪ್ಪರು.

ಸೋಜಿಗವೆಂದರೆ, 2008-09ರಲ್ಲಿ ವಿಶ್ವದ ಈಜುರಂಗವನ್ನು ಕಾಡಿದ್ದೂ ಇದೇ ಬುರುಡೆಯ ಪ್ರಶ್ನೆ. 2008ರಲ್ಲಿ ಸ್ಪೀಡೊ ಕಂಪನಿಯ ‘ಎಲ್‌ಝಡ್‌ಆರ್ ರೇಸರ್’ ಉಡುಪು ಬಂತು. ಮರುವರ್ಷ ಅದನ್ನೂ ಮೀರಿಸುವ, ಪೂರ್ತಿ ಪಾಲಿಯುರೆಥೇನಿನ ಉಡುಪುಗಳು ಬಂದವು. ಅವು ನೀರು ಹೀರುವುದಿಲ್ಲ. ಮೈಯನ್ನು ಬಿಗಿದು ನಯವಾಗಿಸುತ್ತವೆ. ಗಾಳಿಯನ್ನು ಹಿಡಿದಿಟ್ಟು ದೇಹವನ್ನು ಮೇಲಕ್ಕೆತ್ತುತ್ತವೆ. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವದಾಖಲೆಗಳು ನಿರ್ಮಾಣವಾದವು. ಅಲ್ಲಿ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೈಕೆಲ್ ಫೆಲ್ಪ್ಸ್‌ರನ್ನು ಸೋಲಿಸಿದ ಜರ್ಮನಿಯ ಪೌಲ್ ಬೀಡರ್‌ಮನ್, ಗೆಲುವಿನಲ್ಲಿ ಉಡುಪಿಗೂ ಪಾಲಿದೆಯೆಂದು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆ ಅಪರೂಪ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿನಾ (ಇಂದಿನ ವರ್ಲ್ಡ್ ಅಕ್ವಾಟಿಕ್ಸ್) 2010ರ ಜನವರಿ 1ರಿಂದ ಇವನ್ನು ನಿಷೇಧಿಸಿತು. ಉಡುಪು ಬಟ್ಟೆಯದೇ ಆಗಿರಬೇಕು. ಗಂಡಸರಿಗೆ ಹೊಕ್ಕುಳಿನಿಂದ, ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ.

ಅದೇ ವರ್ಷ ಈ ಕಟ್ಟಳೆ 25 ದಾಟಿದ ಹವ್ಯಾಸಿಗಳ ‘ಮಾಸ್ಟರ್ಸ್’ ಸ್ಪರ್ಧೆಗಳಿಗೂ ಬಂತು. ಕಚೇರಿ ಮುಗಿಸಿ ಈಜಲು ಬರುವವರಿಗೆ, ಮೊಮ್ಮಕ್ಕಳನ್ನು ಕಂಡವರಿಗೆ ಒಲಿಂಪಿಕ್ಸಿನ ಕಟ್ಟಳೆ ಏಕೆ ಎಂಬ ಪ್ರಶ್ನೆ ಸಹಜ. ಕಾಲು ಮುಳುಗತೊಡಗಿದ ವಯಸ್ಸಿನಲ್ಲಿ ಅಂಥ ಉಡುಪು ನೆರವಾಗುತ್ತಿದ್ದುದೂ ನಿಜ. ಆದರೆ ಮಾಸ್ಟರ್ಸ್‌ನಲ್ಲೂ ಐದೈದು ವರ್ಷಗಳ ವಯೋಗುಂಪಿಗೆ ದಾಖಲೆಗಳಿವೆ. ಎಪ್ಪತ್ತರ ಅಜ್ಜನೊಬ್ಬ ಪಾಲಿಯುರೆಥೇನ್ ತೊಟ್ಟು ಬರೆದ ದಾಖಲೆಯನ್ನು ಮುಂದಿನ ಅಜ್ಜ ಬಟ್ಟೆಯ ಚಡ್ಡಿಯಲ್ಲಿ ಮುರಿಯಬೇಕೆನ್ನುವುದು ಅನ್ಯಾಯ. ಯಾವುದರಿಂದ ಮಾಡಿದ ಉಡುಪು ಎಂಬ ನಿಯಮ ಎಲ್ಲರಿಗೂ ಇರಲಿ.

ಎಷ್ಟು ಉದ್ದದ ಉಡುಪು ಎಂಬುದು ಬೇರೆಯೇ ಮಾತು. ತೆರೆದ ನೀರಿನ ಸ್ಪರ್ಧೆಗಳಲ್ಲಿ ಪಾದದ ಗಂಟಿನವರೆಗೆ ಉಡುಪು ತೊಡಲು ಇದೇ ಒಕ್ಕೂಟ ಅವಕಾಶ ಕೊಟ್ಟಿದೆ. ನಮ್ಮ ಸಣ್ಣ ಊರುಗಳಲ್ಲಿ ನಡುವಯಸ್ಸಿನ ಹೆಂಗಸು ಈಜುಕೊಳದ ಅಂಚಿನಲ್ಲಿ ಹಿಂಜರಿದು ನಿಲ್ಲುವುದು ನೀರಿಗೆ ಹೆದರಿಯಷ್ಟೇ ಅಲ್ಲ, ಉಡುಪಿಗೆ ನಾಚಿ. ತೋಳು, ಕಾಲು ಮುಚ್ಚುವ ಸಾಧಾರಣ ಬಟ್ಟೆ ಅವಳನ್ನು ತೇಲಿಸುವುದಿಲ್ಲ, ನೆನೆದು ಹಿಂದಕ್ಕೆಳೆಯುತ್ತದೆ. ಅದು ಬುರುಡೆಯಲ್ಲ, ಭಾರ. ಆ ಭಾರ ಹೊತ್ತೂ ಸ್ಪರ್ಧೆಗೆ ಬಂದವಳನ್ನು ನಿಯಮದ ಪುಸ್ತಕ ತೋರಿಸಿ ಹಿಂದಕ್ಕೆ ಕಳಿಸುವುದರಲ್ಲಿ ಯಾವ ನ್ಯಾಯವೂ ಇಲ್ಲ. ಅವಳ ಹೊತ್ತನ್ನು ದಾಖಲೆಯ ಪಟ್ಟಿಗೆ ಸೇರಿಸದಿದ್ದರಾಯಿತು.